ಬಾನೆಟ್ಟಿನ ಮೇಲಿನ ಜುಮ್ಮು

ನಮ್ಮ ಅತ್ತೆಗೆ ಒಂದು ಅಭ್ಯಾಸ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಬರಿಗಾಲಲ್ಲಿ ಅಂಗಳಕ್ಕೆ ಬಂದು ಕಾರಿನ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಾರು ಮಾವನವರದ್ದು. ಅವರು ಹೋದ ಮೇಲೆ ಜಯನಗರದ ಈ ಮನೆಯ ಕಾಂಪೌಂಡಿನಲ್ಲಿ ಧೂಳು ಹಿಡಿದು ನಿಂತಿತ್ತು. ಗುಜರಿಗೆ ಹಾಕೋಣ ಅಂದಾಗ ಅತ್ತೆ ಒಂದು ಹೊತ್ತು ಊಟ ಬಿಟ್ಟರು. ಕೊನೆಗೆ ನಾನೇ ಪೆಟ್ರೋಲ್ ಎಂಜಿನ್ ಇಳಿಸಿ ಅದರ ಜಾಗದಲ್ಲಿ ಮೋಟಾರು, ಹಿಂದುಗಡೆ ಬ್ಯಾಟರಿ ಕೂರಿಸಿದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ಇಷ್ಟು ಬಾರದೆ ಇರುತ್ತದೆಯೇ ಎಂಬ ಧೈರ್ಯ.

ಒಂದು ಶನಿವಾರ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಅತ್ತೆ ಬೆರಳು ಉಜ್ಜಿಕೊಳ್ಳುತ್ತಾ ಬಂದರು.

"ಅಳಿಯಂದ್ರೇ, ಕಾರು ಇವತ್ತೂ ಜುಮ್ ಅಂತು."

"ಶುಗರ್ ಇದ್ದೋರಿಗೆ ಹಾಗಾಗತ್ತೆ ಅತ್ತೆ. ನರದ್ದು."

"ಶುಗರ್ ಆದ್ರೆ ಗೇಟ್ ಮುಟ್ಟಿದ್ರೂ ಆಗ್ಬೇಕಲ್ವಾ? ಮುಟ್ಟಿ ನೋಡ್ದೆ, ಆಗಲ್ಲ. ಕಾರಿಗೆ ಮಾತ್ರ. ನಿಮ್ಮ ಮಾವ ಇನ್ನೂ ಅದ್ರೊಳಗೇ ಇದ್ದಾರೆ ಅಂದ್ಕೊಂಡು ಸುಮ್ನಿದ್ದೆ."

ನಾನು ಮಾಡಬೇಕಿದ್ದ ಪ್ರಯೋಗವನ್ನು ಅವರು ಮಾಡಿ ಮುಗಿಸಿದ್ದರು. "ಇವತ್ತೂ ಅಂದ್ರೆ? ಮುಂಚೆನೂ ಆಗಿತ್ತಾ?"

"ಹೋದ ಸೋಮವಾರನೇ ಹೇಳಿದ್ನಲ್ಲ. ಪೇಪರ್ ಓದ್ತಾ ಹ್ಞೂಂ ಅಂದ್ರಿ."

ನನಗೆ ನೆನಪಿಲ್ಲ. ಇಂದಿಗೂ ಇಲ್ಲ. ಅವರು ಹೇಳಿದ್ದು ಸುಳ್ಳಿರಲಾರದು ಎಂಬುದಷ್ಟೇ ಗೊತ್ತು. ಅತ್ತೆಯ ಎಡಭುಜದ ಕೆಳಗೆ, ಚರ್ಮದಡಿಯಲ್ಲಿ, ಬೆಂಕಿಪೊಟ್ಟಣದಷ್ಟು ಉಬ್ಬು ಇದೆ. ಅದು ಪೇಸ್‌ಮೇಕರ್. ಅವರ ಎದೆ ಬಡಿಯುವುದು ಅದರ ಸಣ್ಣ ಕರೆಂಟಿನಿಂದ. ಸೋಮವಾರದಿಂದ ಶನಿವಾರದವರೆಗೆ ಆರು ಬೆಳಿಗ್ಗೆ, ಒದ್ದೆಗಾಲಲ್ಲಿ, ತೊಳೆದ ಸಿಮೆಂಟಿನ ಮೇಲೆ ನಿಂತು ಅವರು ನನ್ನ ಕಾರನ್ನು ಮುಟ್ಟಿದ್ದರು. ಲೋಟ ಕೆಳಗಿಟ್ಟೆ. ಎದ್ದು ಕಾರಿನ ಹತ್ತಿರ ಹೋದೆ.

ಮೊದಲು ನನಗೆ ಅನುಮಾನ ಬಂದದ್ದು ಬ್ಯಾಟರಿಯ ಮೇಲೆ. ಅದು ತೊಂಬತ್ತಾರು ವೋಲ್ಟಿನ ಸಾಲು. ಅದರ ಯಾವ ತುದಿಯೂ ಕಾರಿನ ಮೈಗೆ ತಾಗಬಾರದು. ಚಾರ್ಜಿಂಗ್ ವೈರು ಕಿತ್ತು, ಬ್ಯಾಟರಿ ಸಾಲನ್ನು ನಡುವೆ ತುಂಡರಿಸುವ ಕೆಂಪು ಪ್ಲಗ್ಗು ಕಿತ್ತು ಜೇಬಿಗೆ ಹಾಕಿ, ರಬ್ಬರ್ ಗ್ಲೌಸು ಹಾಕಿಕೊಂಡು ಡಿಕ್ಕಿಯೊಳಗೆ ಬಗ್ಗಿದೆ. ಬಗ್ಗಿದ ಮೇಲೆ ಭಯವಾಯಿತು. ಪ್ಲಗ್ಗು ಕಿತ್ತೆನೇ? ಜೇಬು ಮುಟ್ಟಿದೆ, ಇತ್ತು. ಸ್ಪ್ಯಾನರ್ ಎತ್ತುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಹೀಗೆ ನಾಲ್ಕು ಸಲ. ಕೊನೆಗೆ ಅದನ್ನು ಕಣ್ಣೆದುರಿಗೇ ಇಟ್ಟುಕೊಂಡು ಕೆಲಸ ಮಾಡಿದೆ.

ಬ್ಯಾಟರಿ ಚೊಕ್ಕಟವಾಗಿತ್ತು. ಎರಡೂ ತುದಿಯಿಂದ ಕಾರಿನ ಮೈಗೆ ಮೀಟರ್ ಹಿಡಿದರೆ ಮುಳ್ಳು ಸೊನ್ನೆಗೆ ಜಾರಿತು. ಕಂಟ್ರೋಲರ್, ದೊಡ್ಡ ರಿಲೇ, ಮೋಟಾರಿನ ಕೇಬಲ್ಲು ಒಂದೊಂದಾಗಿ ಬಿಚ್ಚಿ ನೋಡಿದೆ. ಎಲ್ಲೂ ಸೋರಿಕೆಯಿಲ್ಲ. ಆಮೇಲೆ ಎಲ್ಲ ಜೋಡಿಸಿ, ಅತ್ತೆಯನ್ನು ಒಳಗೆ ಕಳಿಸಿ, ಚಾರ್ಜಿಂಗ್ ವೈರು ಸಿಕ್ಕಿಸಿದೆ. ಕಾಂಪೌಂಡಿನ ಅಂಚಿನ ಒದ್ದೆ ಮಣ್ಣಿಗೆ ಒಂದು ಉದ್ದ ಮೊಳೆ ಹೊಡೆದು, ಬಾನೆಟ್ಟಿನಿಂದ ಮೊಳೆಗೆ ಮೀಟರ್ ಹಿಡಿದೆ. ತೊಂಬತ್ತು ವೋಲ್ಟು. ವೈರು ಕಿತ್ತರೆ ಸೊನ್ನೆ. ಸಿಕ್ಕಿಸಿದರೆ ಮತ್ತೆ ತೊಂಬತ್ತು.

ತಿಲಕ್ ನಗರದಿಂದ ಎಲೆಕ್ಟ್ರಿಷಿಯನ್ ಬಂದರು. ಈ ಮನೆಗೆ ಮಾವನವರ ಕಾಲದಿಂದ ಬರುತ್ತಿರುವವರು. ಕಾರಿನ ಕಡೆ ನೋಡಲೂ ಇಲ್ಲ. ಹೋಲ್ಡರಿಗೆ ಸಿಕ್ಕಿಸಿದ ಬಲ್ಬೊಂದನ್ನು ಚೀಲದಿಂದ ತೆಗೆದು, ಅದರ ಒಂದು ವೈರನ್ನು ಸಾಕೆಟ್ಟಿನ ಫೇಸಿಗೆ, ಇನ್ನೊಂದನ್ನು ಅರ್ತಿಗೆ ಕೊಟ್ಟರು. ಬಲ್ಬು ಹೊತ್ತಲಿಲ್ಲ.

"ಅರ್ತಿಂಗೇ ಇಲ್ಲ ಸಾರ್. ಚಾರ್ಜರ್‌ನಿಂದ ಸ್ವಲ್ಪ ಕರೆಂಟ್ ಯಾವಾಗ್ಲೂ ಲೀಕ್ ಆಗ್ತಿರತ್ತೆ, ಅದು ಭೂಮಿಗೆ ಹೋಗ್ಬೇಕು. ದಾರಿ ಇಲ್ಲ ಅಂದ್ರೆ ಎಲ್ಲಿಗ್ ಹೋಗತ್ತೆ? ಅಮ್ಮನ ಕೈಗೆ."

"ಇದ್ರಿಂದ ಜೀವಕ್ಕೆ..."

"ಇದು ಬರೀ ಜುಮ್ಮು. ನಾಳೆ ಚಾರ್ಜರ್ ಒಳಗೆ ಒಂದ್ ವೈರ್ ಸಿಪ್ಪೆ ಬಿಟ್ಟು ಕಾರಿನ ಮೈಗೆ ತಾಗಿದ್ರೆ ಜುಮ್ಮಲ್ಲ." ಅವರು ಅಂಗಳ ನೋಡಿದರು. "ಇಲ್ಲಿ ಯಜಮಾನ್ರದ್ದು ಒಂದು ಅರ್ತ್ ಗುಂಡಿ ಇತ್ತಲ್ಲ, ಏನಾಯ್ತು?"

ಇತ್ತು. ಇದ್ದಿಲು, ಉಪ್ಪು ತುಂಬಿ ಪೈಪು ಹೂತ ಗುಂಡಿ. ಬೇಸಿಗೆಯಲ್ಲಿ ಅದು ಒಣಗಬಾರದೆಂದು ಮಾವನವರು ಭಾನುವಾರ ಒಂದು ಕೊಡ ನೀರು ಹೊಯ್ಯುತ್ತಿದ್ದರು. ಕಾರಿನ ಕೆಲಸ ಶುರುಮಾಡಿದಾಗ ಅಂಗಳ ಸಮತಟ್ಟಾಗಿರಲೆಂದು ಸಿಮೆಂಟು ಹಾಕಿಸಿದ್ದೆ.

"ನಾನಿಲ್ಲದಾಗ ಗಾರೆಯವನು ಮುಚ್ಚಿಬಿಟ್ಟ," ಅಂದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಹೇಳಿದರು, "ನೀವೇ ನಿಂತು ಮುಚ್ಚಿಸಿದ್ದು. ಗುಂಡಿಗೆ ಟೈರ್ ಇಳಿಯತ್ತೆ ಅಂದ್ರಿ. ನಾನು ಬೇಡ ಅಂದೆ, ಇದೇನು ದೇವರ ಗುಂಡಿನಾ ಅಂತ ನಕ್ಕಿದ್ರಿ."

ನನ್ನ ನೆನಪಿನಲ್ಲಿ ಆ ದಿನ ನಾನು ಬನಶಂಕರಿಗೆ ಹೋಗಿದ್ದೆ. ಬಸ್ಸಿನ ಸೀಟು ಕೂಡ ಕಣ್ಣಿಗೆ ಕಟ್ಟಿದಂತಿದೆ. ಆದರೂ ನೋಟ್‌ಬುಕ್ ತಂದೆ. ಪ್ರತಿ ಪರೀಕ್ಷೆಯನ್ನೂ ಬರೆದಿಡುತ್ತೇನೆ. ನೆನಪನ್ನು ನಂಬಬಾರದು, ಬರಹವನ್ನು ನಂಬಬೇಕು ಎಂಬುದು ನನ್ನ ಹಳೆಯ ನಿಯಮ. ಹೋದ ಭಾನುವಾರ, ಚಾರ್ಜರ್ ಕೂರಿಸಿದ ದಿನದ ಪುಟದಲ್ಲಿ ಸ್ಪಷ್ಟವಾಗಿತ್ತು: ಸಾಕೆಟ್ಟಿನ ಅರ್ತಿಂಗ್, ಬಲ್ಬು ಪ್ರಕಾಶಮಾನ, ಸರಿ.

ಸಿಮೆಂಟು ಹಾಕಿಸಿದ್ದು ಅದಕ್ಕೂ ಎರಡು ತಿಂಗಳ ಮೊದಲು. ಆ ದಿನ ಬಲ್ಬು ಹೊತ್ತಿರಲಾರದು.

ಪುಟವನ್ನು ಮತ್ತೆ ನೋಡಿದೆ. ಹದಿನೈದು ಸಾಲು, ಒಂದೇ ಪೆನ್ನು, ಒಂದು ಚಿತ್ತುಕಾಟೂ ಇಲ್ಲ. ನಿಜವಾಗಿ ಅಳೆದವನ ಪುಟ ಹಾಗಿರುವುದಿಲ್ಲ, ಕೈಗೆ ಎಣ್ಣೆ ಹತ್ತಿರುತ್ತದೆ, ಒಂದು ಅಂಕಿ ಹೊಡೆದು ಇನ್ನೊಂದು ಬರೆದಿರುತ್ತದೆ. ಎಂ.ಎಸ್ಸಿ. ಲ್ಯಾಬಿನಲ್ಲಿ ನಾವೆಲ್ಲ ಇದನ್ನೇ ಮಾಡುತ್ತಿದ್ದೆವು. ಬರಬೇಕಾದ ಉತ್ತರ ಗೊತ್ತಿದ್ದರೆ ರೀಡಿಂಗುಗಳನ್ನು ಮೊದಲೇ ರೆಕಾರ್ಡಿನಲ್ಲಿ ಬರೆದು, ಆಮೇಲೆ ಉಪಕರಣದ ಮುಂದೆ ನಿಲ್ಲುವುದು. ಆ ರೆಕಾರ್ಡಿಗೆ ಒಳ್ಳೆಯ ಅಂಕವೂ ಬಂದಿತ್ತು. ಇಲ್ಲಿಯೂ ಊಟದ ಮೇಜಿನ ಮೇಲೆ ಕೂತು, ಆಮೇಲೆ ನೋಡಿದರಾಯಿತೆಂದು, ಬರೆದುಬಿಟ್ಟಿದ್ದೆ. ಆಮೇಲೆ ನೋಡಿದೆ ಎಂದು ನಂಬಿಯೂ ಬಿಟ್ಟಿದ್ದೆ.

ಸಿಮೆಂಟು ಒಡೆಸಿದಾಗ ಪೈಪಿಗೆ ಹೋಗುವ ತಂತಿ ಗುದ್ದಲಿಯೇಟಿಗೆ ತುಂಡಾಗಿದ್ದು ಕಂಡಿತು. ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿದೆವು. ಸೋರಿಕೆಯಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚನ್ನೂ ಹಾಕಿಸಿದೆ. ಬಾನೆಟ್ಟಿನಲ್ಲಿ ಈಗ ಒಂದು ವೋಲ್ಟೂ ಇಲ್ಲ. ಮೀಟರ್ ನೋಡಿದ ಮೇಲೆಯೇ ಬರೆದೆ ಎಂದು ಹೇಳಬಲ್ಲೆ, ಆದರೆ ಅದೂ ನೆನಪಿನ ಮಾತೇ.

ಅದಕ್ಕಾಗಿ ಈಗ ದಿನವೂ ಅತ್ತೆ ಸ್ನಾನಕ್ಕೆ ಹೋದ ಕೂಡಲೇ ಚಾರ್ಜಿಂಗ್ ವೈರು ಕಿತ್ತು ಗೋಡೆಯ ಮೊಳೆಗೆ ಸುತ್ತುತ್ತೇನೆ. ಮೊನ್ನೆ ಮುಖಕ್ಕೆ ಸೋಪು ಹಚ್ಚಿ ನಿಂತಿದ್ದಾಗ ಬಚ್ಚಲ ಚಿಲಕ ತೆಗೆದ ಸದ್ದಾಯಿತು. ವೈರು ಕಿತ್ತೆನೇ? ಏನು ಮಾಡಿದರೂ ನೆನಪಾಗಲಿಲ್ಲ. ಸೋಪಿನ ಮುಖದಲ್ಲೇ ಓಡಿದೆ. ಅತ್ತೆ ಆಗಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟಿದ್ದರು. ವೈರು ಮೊಳೆಯ ಮೇಲಿತ್ತು, ನಾನು ಸುತ್ತುವ ಹಾಗೆಯೇ ಸುತ್ತಿತ್ತು.

"ಕಾರು ಏನೂ ಅನ್ನಲ್ಲ ಈಗ," ಅಂದರು ಅತ್ತೆ. ಏನನ್ನೋ ಕಳೆದುಕೊಂಡವರ ದನಿ. ಆಮೇಲೆ ನನ್ನ ಮುಖ ನೋಡಿದರು. "ಹೋಗಿ, ಮುಖ ತೊಳ್ಕೊಳ್ಳಿ."

ಹೋಗಲಿಲ್ಲ. ಅವರು ಕೈ ತೆಗೆಯುವವರೆಗೂ ನಾನೂ ಬರಿಗಾಲಲ್ಲಿ ಪಕ್ಕದಲ್ಲೇ ನಿಂತು, ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡಿದ್ದೆ.