ಮಾದಲಿ ಉಗುಳಿದ ಹಣಮಮ್ಮ

ಕೊಡ್ಲಿ ಊರಿನ ಸಾಬಣ್ಣ ಕುರಿಹಟ್ಟಿಗೆ ನುಗ್ಗಿದ ತೋಳದ ಬಾಯಿಗೆ ಎಡಗೈ ತುರುಕಿ, ಬಲಗೈಯ ಕುಡುಗೋಲಿನಿಂದ ಅದರ ಹೊಟ್ಟೆ ಸೀಳಿದವನು. ಆ ಎಡಗೈ ಒಣಗಿದ ತೊಗರಿ ಕಟ್ಟಿಗೆಯಂತಾಯಿತು. ಆದರೂ ಸಾಯುವತನಕ ಒಂದೇ ಕೈಯಲ್ಲಿ ಕೂರಿಗೆ ಹಿಡಿದ. ಅವನ ಮಗ ತಿಪ್ಪಣ್ಣ ಶಹಾಬಾದಿಗೆ ಬಂದು ಕಲ್ಲಿನ ಖಣಿಯಲ್ಲಿ ಫರಸಿ ಚಪ್ಪಡಿ ಎಬ್ಬಿಸುವ ಕೆಲಸ ಹಿಡಿದ. ಕೂಲಿ ಹೆಂಗಸಿನ ಸೆರಗಿಗೆ ಕೈ ಹಾಕಿದ ಮೇಸ್ತ್ರಿ ಮುಕಾದಮನನ್ನು ಎತ್ತಿ ಖಣಿಯ ನೀರಿಗೆ ಒಗೆದ. ಮುಕಾದಮನ ಆಳುಗಳು ಹಾರೆಯಿಂದ ಹೊಡೆದು ಪಕ್ಕೆಲುಬು ಮುರಿದರೂ ಆ ಖಣಿ ಬಿಡಲಿಲ್ಲ. ಸಾಯುವಾಗ ಕೊಡ್ಲಿಯ ಹೊಲವನ್ನು ಮಗ ಭೀಮಶಾನಿಗೂ, ಶಹಾಬಾದಿನ ಮನೆಯನ್ನು ಮಗಳು ಹಣಮಮ್ಮನಿಗೂ ಕೊಟ್ಟ. ಇಂಥವರ ರಕ್ತ ಹಣಮಮ್ಮನದು.

ಅವಳ ಗಂಡ ಸೂರ್ಯಕಾಂತ ಫರಸಿ ಪಾಲಿಶ್ ಮಷೀನಿನ ಮೇಲೆ ದುಡಿಯುತ್ತಿದ್ದ. ತನ್ನ ತಾಯಿ ಸೂಗಮ್ಮನನ್ನು ಕರೆದುಕೊಂಡು ಹೆಂಡತಿಯ ಮನೆಯಲ್ಲೇ ಇದ್ದ. ತೊಂಬತ್ತೆಂಟರಲ್ಲಿ ಹಣಮಮ್ಮ ಮೊದಲ ಸಲ ಹಡೆದಳು. ಕೂಸು ನಾಲ್ಕು ತಿಂಗಳ ಮಗುವಿನಷ್ಟು ದಪ್ಪ. ತಲೆ ಹೊರಗೆ ಬಂತು, ಹೆಗಲು ಸಿಕ್ಕಿಕೊಂಡಿತು. ಸೂಲಗಿತ್ತಿ ಜಗ್ಗಿದಾಗ ಕೂಸಿನ ಕೈ ಮುರಿದ ಸಪ್ಪಳ ಬಾಗಿಲ ಹೊರಗೆ ನಿಂತ ಸೂರ್ಯಕಾಂತನಿಗೂ ಕೇಳಿಸಿತು. ಹೊರಬಂದ ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ಸೂರ್ಯಕಾಂತ ಅದನ್ನು ತನ್ನ ಧೋತರದಲ್ಲಿ ಸುತ್ತಿ ಕಾಗಿಣಾ ನದಿಯ ದಂಡೆಯಲ್ಲಿ ಹೂತು ಬಂದ.

ಬಾಣಂತಿಯ ರಕ್ತಸ್ರಾವ ನಿಲ್ಲದೆ ದವಾಖಾನೆಗೆ ಒಯ್ದಾಗ ಗೊತ್ತಾಯಿತು, ಅವಳಿಗೆ ಸಕ್ಕರೆ ಕಾಯಿಲೆ. ಅದಕ್ಕೇ ಕೂಸು ಅಷ್ಟು ದಪ್ಪ ಬೆಳೆದಿತ್ತು. ಗುಳಿಗೆ ಕೊಟ್ಟರು. ಮತ್ತೆ ಹಡೆಯಬೇಕೆಂಬ ಹಟ ಹುಟ್ಟಿದಾಗ ಅವಳೊಬ್ಬಳೇ ರೈಲು ಹತ್ತಿ ಕಲಬುರ್ಗಿಯ ಹೆರಿಗೆ ಡಾಕ್ಟರ್ ತಸ್ಲೀಮ್ ಬಾಯಿಯವರ ಹತ್ತಿರ ಹೋದಳು.

ಡಾಕ್ಟರು ಬೈದೇ ಮಾತು ಶುರು ಮಾಡಿದರು. "ಹೊಟ್ಟಿ ನಿಂತ ಮ್ಯಾಲ ಓಡಿ ಬರ್ತೀರಿ ಎಲ್ಲಾರೂ. ನೀ ಒಬ್ಬಾಕಿ ಮೊದ್ಲೇ ಬಂದೀ. ಕೂಸಿನ ಎದಿ, ಬೆನ್ನುಹುರಿ ನಿನಗ ಗೊತ್ತಾಗೋಕಿಂತ ಮೊದ್ಲೇ ಮೂಡ್ತಾವ. ಅವಾಗ ನಿನ್ನ ರಕ್ತದಾಗ ಸಕ್ಕರಿ ತುಂಬಿದ್ರ ಹ್ಯಾಂಗ? ಮೊದ್ಲ ಅದು ಇಳೀಬೇಕು."

"ಎಷ್ಟು ದಿನಾರೀ ಬಾಯಿ?"

"ನಾ ಹೂಂ ಅನ್ನೋತನಕ. ಗುಳಿಗಿ ಬಿಡು, ಇನ್ಸುಲಿನ್ ಚುಚ್ಕೊ. ಈ ಫೋಲಿಕ್ ಗುಳಿಗಿ ಈಗಿಂದ್ಲೇ ನುಂಗು. ಕಣ್ಣು, ಮೂತ್ರಪಿಂಡ ತೋರಿಸ್ಕೊ. ಅಲ್ಲೀತನಕ ಹೊಟ್ಟಿ ನಿಲ್ಲಬಾರದು, ಗಂಡಗ ಹುಷಾರಿಲೆ ಇರು ಅಂತ ಹೇಳು."

ಹಣಮಮ್ಮ ಹಾಗೆಯೇ ಮಾಡಿದಳು. ಇನ್ಸುಲಿನ್ ಬಾಟಲಿಯನ್ನು ಹಸಿ ಉಸುಕಿನ ಗಡಿಗೆಯಲ್ಲಿ ತಂಪಾಗಿ ಇಟ್ಟಳು. ಬೆಳಿಗ್ಗೆ, ಸಂಜೆ ಹೊಟ್ಟೆಗೆ ತಾನೇ ಚುಚ್ಚಿಕೊಂಡಳು. ಅಳತೆಯ ಜೋಳದ ರೊಟ್ಟಿ, ಕೈತುಂಬ ಪುಂಡಿಪಲ್ಯ. ಸೂರ್ಯಕಾಂತನ ಹಾಸಿಗೆಯನ್ನು ಹೊರಗಿನ ಖೋಲಿಗೆ ಹಾಕಿದಳು.

ಸುದ್ದಿ ಗಂಡನ ಪಾಲಿಶ್ ಮಷೀನಿನ ತನಕ ಹೋಯಿತು. ಜೊತೆಯ ಕೆಲಸಗಾರ ಬಂದೇಅಲಿ ಎಲ್ಲರೆದುರು ಕೇಳಿದ: "ಏನಪಾ ಸೂರ್ಯಾ, ನಿಮ್ಮನ್ಯಾಗ ಕರ್ಫ್ಯೂ ಅದ ಅಂತ? ಯಾವಾಗ ಎತ್ತತಾರಪಾ?" ಸೂರ್ಯಕಾಂತ ಅವನ ಮೂಗಿಗೆ ಗುದ್ದಿದ. ಬಂದೇಅಲಿ ಅವನ ತಲೆಯನ್ನು ಫರಸಿಗೆ ಅಪ್ಪಳಿಸಿದ. ಹಣೆ ಒಡೆದುಕೊಂಡು ಮನೆಗೆ ಬಂದ ಮಗನನ್ನು ಕಂಡು ಸೂಗಮ್ಮ ಕೆರಳಿದಳು. ಸೊಸೆ ಚುಚ್ಚಿಕೊಳ್ಳುವ ಸೂಜಿಯೇ ಗರ್ಭ ಒಣಗಿಸುತ್ತಿದೆ ಎಂದು ಅವಳು ನಂಬಿದ್ದಳು.

ಸೂಗಮ್ಮನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳಾಗಬೇಕಾದವಳಿಗೆ ಶ್ರಾವಣದ ಮಂಗಳವಾರ ದೇವಿಯ ಹೆಸರಿನಲ್ಲಿ ಉಡಿ ತುಂಬಿ, ಗೋಧಿ ಹಿಟ್ಟಿಗೆ ಬೆಲ್ಲ ಸುರಿದ ಮಾದಲಿಯ ಉಂಡೆಯನ್ನು ಅತ್ತೆ ತನ್ನ ಕೈಯಾರೆ ತಿನ್ನಿಸಬೇಕು. ಉಗುಳಿದರೆ ಕೂಸನ್ನು ಉಗುಳಿದ ಹಾಗೆ. ಎರಡು ಸಾವಿರದ ಒಂದರ ಶ್ರಾವಣದಲ್ಲಿ ಸೂಗಮ್ಮ ಹಿತ್ತಾಳೆ ತಾಟಿನ ತುಂಬ ಮಾದಲಿ ಹಿಡಿದು ಸೊಸೆಯ ಮುಂದೆ ಕುಳಿತಳು.

"ಅತ್ತಿ, ಉಡಿ ತುಂಬ್ರಿ, ಸೆರಗ ಒಡ್ಡತೀನಿ. ಬೆಲ್ಲ ಮಾತ್ರ ಬ್ಯಾಡ್ರಿ."

"ಬೆಲ್ಲ ಬ್ಯಾಡಂದ್ರ ಕೂಸು ಬ್ಯಾಡಂದಂಗ! ಸೂರ್ಯಾ, ಹಿಡಿ ಇಕಿನ್ನ!"

ಸೂರ್ಯಕಾಂತ ಹೆಂಡತಿಯ ತುರುಬು ಹಿಡಿದು ತಲೆ ಹಿಂದಕ್ಕೆ ಬಗ್ಗಿಸಿದ. ಸೂಗಮ್ಮ ದವಡೆ ಒತ್ತಿ ಬಾಯಿ ತೆರೆಸಿ ಮಾದಲಿ ತುರುಕಿದಳು. ಉಸಿರು ಕಟ್ಟಿದ ಹಣಮಮ್ಮ ಅತ್ತೆಯ ಬೆರಳನ್ನು ಎಲುಬು ತಾಗುವ ಹಾಗೆ ಕಚ್ಚಿದಳು. ಮಾದಲಿ ಕೆಂಪಾಗಿ ನೆಲಕ್ಕೆ ಬಿತ್ತು. ಗಂಡ ಅವಳ ಹೊಟ್ಟೆಗೇ ಒದ್ದ. ಸೂಗಮ್ಮ ರಕ್ತ ಸೋರುವ ಕೈಯಿಂದ ಗಡಿಗೆಯೊಳಗಿನ ಬಾಟಲಿ ಕಿತ್ತು ನೆಲಕ್ಕೆ ಬಡಿದಳು.

ಗಾಜು ಒಡೆದ ಸಪ್ಪಳಕ್ಕೆ ಹಣಮಮ್ಮ ಎದ್ದಳು. ಮೂಲೆಯಲ್ಲಿದ್ದ ಕಲ್ಲೊಡೆಯುವ ಸುತ್ತಿಗೆ ಅವಳ ಕೈಗೆ ಬಂತು. ಮೊದಲ ಏಟಿಗೆ ಗಂಡನ ಮುಂದಿನ ಹಲ್ಲು ಉದುರಿದವು. ಎರಡನೆಯದು ಹೆಗಲಿಗೆ, ಅವನು ಕುಸಿದ. ಮೂರನೆಯದು ಸೂಗಮ್ಮನ ತಲೆಯ ಮೇಲೆ ಎದ್ದಿತು, ಆದರೆ ಹಿತ್ತಾಳೆ ತಾಟಿನ ಮೇಲೆ ಬಿದ್ದು ಅದನ್ನು ರೊಟ್ಟಿಯಂತೆ ಚಪ್ಪಟೆ ಮಾಡಿತು.

"ಕೂಸಿನ ಕೈ ಮುರದ ಸಪ್ಪಳ ಕೇಳಿದವ ನೀನು! ಇನ್ನೊಮ್ಮಿ ಕೇಳಬೇಕೇನ್ಲೇ?" ಎಂದು ಗಂಡನ ಮುಖದ ಮೇಲೆ ಕೂಗಿದಳು. ಏಟು ತಿಂದಾಗ ಅಳದವನು ಆಗ ಬಾಯಿಗೆ ಕೈ ಒತ್ತಿಕೊಂಡು ಅತ್ತ. ತಾಯಿ ಮಗ ಇಬ್ಬರನ್ನೂ ಹೊರಗೆ ನೂಕಿ ಅಗುಳಿ ಹಾಕಿದಳು.

ನೆರೆಯವರು ಕೊಡ್ಲಿಗೆ ಫೋನು ಮಾಡಿದರು. ಬೆಳಗಾಗುವಷ್ಟರಲ್ಲಿ ಅಣ್ಣ ಭೀಮಶಾ ಟೆಂಪೋ ತುಂಬ ಜನ, ಬಡಿಗೆ ಹೇರಿಕೊಂಡು ಬಂದ. ಸೂಗಮ್ಮ ಓಡಿ ಪಕ್ಕದ ಮನೆ ಸೇರಿದಳು. ಕಟ್ಟೆಯ ಮೇಲೆ ಕುಳಿತಿದ್ದ ಸೂರ್ಯಕಾಂತನ ಕೊರಳಪಟ್ಟಿ ಹಿಡಿದು ಭೀಮಶಾ ಕೂಗಿದ:

"ತಂಗೀ, ಬಾಗಲಾ ತೆಗಿ! ಇವನ ಎರಡೂ ಕಾಲು ಮುರದು ಖಣಿಗೆ ಒಗೀತೀನಿ. ನೀ ಗಾಡಿ ಹತ್ತು. ಔಷಧ ಎಲ್ಲಾ ನಾ ತಂದಕೊಡ್ತೀನಿ."

ಹಣಮಮ್ಮ ಬಾಗಿಲು ತೆಗೆದಳು. ತುಟಿ ಹರಿದಿತ್ತು. ಒದೆ ತಿಂದ ಹೊಟ್ಟೆಗೆ ಒಂದು ಕೈ ಒತ್ತಿಕೊಂಡಿದ್ದಳು, ಇನ್ನೊಂದರಲ್ಲಿ ಕಲಬುರ್ಗಿಗೆ ಹೊರಟ ಚೀಲ.

"ಬಿಡು ಅವನ್ನ, ಅಣ್ಣಾ. ಬಡಿಯೋದು ನಂದು, ಬಡದಾಗ್ಯಾದ. ಕೊಡ್ಲಿಗೆ ಬಂದ್ರ ನಿನ್ನ ಹೇಣ್ತಿ, ನಮ್ಮ ವೈನಿ, ಅಳಕೋತ ಅಳಕೋತ ನನ್ನ ತಾಟಿಗೆ ಹೋಳಿಗಿ ಹಾಕ್ತಾಳ. ಅಕಿ ಮ್ಯಾಲ ಸುತ್ತಿಗಿ ಎತ್ತಾಕ ನನಗ ಬರಂಗಿಲ್ಲ. ರೈಲಿಗೆ ಹೊತ್ತಾಯ್ತು, ಔಷಧ ನಾನೇ ತರ್ತೀನಿ, ನಾನೇ ಚುಚ್ಕೋತೀನಿ. ಮೊದ್ಲ ಸಕ್ಕರಿ ಇಳೀಲಿ. ಇಳದ ಮ್ಯಾಲ ಇವನ್ನ ಒಳಗ ಕರಿಯೋದೋ ಬ್ಯಾಡೋ ನಾನೇ ನೋಡ್ತೀನಿ. ನೀವು ನಡೀರಿ, ಯಾರೂ ಬ್ಯಾಡ ನನಗ."