ಬಾನಿ ಬರಿದಾಗುವಷ್ಟು ಹೊತ್ತು

ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಹಾಲು ಉಕ್ಕುವವರೆಗೂ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದೇಬಿಡುತ್ತೇನೆ, ಅಷ್ಟರಲ್ಲಿ ಅದು ನನ್ನನ್ನು ದಾಟಿ ಹೋಗಿರುತ್ತದೆ. ಸೇಲಂನ ಆಫೀಸಿನಲ್ಲಿ ಫೈಲು ನೋಡುತ್ತಾ ಮೇಜಿನ ಮೇಲೆ ಬೆರಳು ಬಡಿಯುತ್ತಿರುವುದು ನನಗೇ ಗೊತ್ತಾಗುವುದಿಲ್ಲ. ಎದುರು ಸೀಟಿನವರು, ಮೇಡಂ ತವಿಲು ಬಾರಿಸಲು ಶುರು ಮಾಡಿದರು ಎಂದು ಕಾಲೆಳೆಯುತ್ತಾರೆ. ಇಂಥವಳು ಗಿಟಾರ್ ಮಾಡುವ ಕೆಲಸಕ್ಕೆ ಇಳಿದದ್ದೇ ತಪ್ಪು ಎಂಬುದು ನನ್ನ ಗಂಡನ ಅಭಿಪ್ರಾಯ.

ನಲವತ್ತು ದಾಟಿದ ಮೇಲೆ ಹಿಡಿದ ಹುಚ್ಚು ಅದು. ಕೆಟ್ಟುಹೋದ ಒಂದು ಎಲೆಕ್ಟ್ರಿಕ್ ಗಿಟಾರನ್ನು ರಿಪೇರಿಗೆಂದು ಬಿಚ್ಚಿದೆ. ಒಳಗೆ ಏನಿದೆ? ಮರದ ಹಲಗೆ, ಆರು ಪುಟ್ಟ ಅಯಸ್ಕಾಂತ, ಅವುಗಳ ಸುತ್ತ ತಾಮ್ರದ ತಂತಿ. ಇಷ್ಟೇನಾ ಅನ್ನಿಸಿತು. ಇಷ್ಟೇ ಅಲ್ಲ ಎಂದು ತಿಳಿಯುವುದಕ್ಕೆ ಮೂರು ವರ್ಷ ಹಿಡಿಯಿತು. ಆ ತಂತಿ ಕೂದಲಿಗಿಂತ ತೆಳು, ಅದನ್ನು ಸಾವಿರಾರು ಸುತ್ತು ಸುತ್ತಬೇಕು. ಅಮ್ಮನ ಹೊಲಿಗೆ ಮಿಷನ್ನಿನಲ್ಲಿ ಬಾಬಿನ್ನಿಗೆ ದಾರ ಸುತ್ತುವ ಪುಟ್ಟ ಚಕ್ರವಿದೆಯಲ್ಲ, ಅದಕ್ಕೇ ಸಿಕ್ಕಿಸಿ ಸುತ್ತಿದೆ. ಬೇಗ ಮುಗಿಯಲಿ ಎಂದು ಜೋರಾಗಿ ತುಳಿದಾಗಲೆಲ್ಲ ತಂತಿ ಪಟ್ಟನೆ ಕಡಿಯಿತು. ಆರು ಸಲ ಕಡಿಯಿತು, ಆರು ಸಲವೂ ನಾನು ಬೈದದ್ದು ತಂತಿಯನ್ನೇ.

ಮನೆಯ ಹಿಂದಿನ ಕೋಣೆ ನನ್ನ ಸ್ಟುಡಿಯೋ. ಗೋಡೆಗೆಲ್ಲ ಜಮಖಾನ ನೇತುಹಾಕಿದ್ದೇನೆ. ಪಕ್ಕದ ಮನೆಯಲ್ಲಿ ಬೆಳ್ಳಿ ಗೆಜ್ಜೆ ಮಾಡುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಟಿಕ್ ಟಿಕ್ ಸುತ್ತಿಗೆ ಸದ್ದು. ಅವರು ಊಟಕ್ಕೆ ಎದ್ದಾಗ ಮಾತ್ರ ನಾನು ಹಾಡು ರೆಕಾರ್ಡ್ ಮಾಡಬಹುದು, ಅದೂ ಭಾನುವಾರ. ಸಾಂಬಾರು ಅನ್ನದಿಂದ ಮಜ್ಜಿಗೆ ಅನ್ನದವರೆಗೆ ನನ್ನ ಸಮಯ. ಹಾಗಾಗಿ ಅರ್ಧ ಮುಗಿದ ಹಾಡುಗಳು ಕಂಪ್ಯೂಟರಿನಲ್ಲಿ ರಾಶಿ ಬಿದ್ದಿವೆ. ಪೂರ್ತಿ ಮುಗಿದದ್ದು ಒಂದೂ ಇಲ್ಲ. ಮಿಕ್ಸಿಂಗ್ ಎನ್ನುವುದಕ್ಕೆ ಕೊನೆಯೇ ಇಲ್ಲ. ಬೇರೆ ಬೇರೆಯಾಗಿ ಹಿಡಿದ ದನಿಗಳನ್ನು ಒಂದೇ ಹಾಡಿನಲ್ಲಿ ಕೂರಿಸುವ ಕೆಲಸ ಅದು, ಮದುವೆಯ ಊಟದ ಸಾಲಿನಲ್ಲಿ ನೆಂಟರನ್ನು ಕೂರಿಸಿದ ಹಾಗೆ. ಒಬ್ಬರನ್ನು ಆಚೆ ಸರಿಸಿದರೆ ಇನ್ನೊಬ್ಬರ ಮುಖ ಊದಿಕೊಳ್ಳುತ್ತದೆ.

ಐದನೆಯ ಗಿಟಾರಿಗೆ ಚೆನ್ನಾಗಿ ಒಣಗಿದ ಮರ ಬೇಕಿತ್ತು. ಅಂಗಡಿಯ ಹಸಿ ಮರ ನಂಬಿ ಎರಡು ಗಿಟಾರು ಸೊಟ್ಟಗಾಗಿದ್ದವು. ನಲ್ಲಂಪಳ್ಳಿಯ ಹತ್ತಿರದ ಊರಿನಲ್ಲಿ ನಮ್ಮ ದೊಡ್ಡಪ್ಪನ ಹೊಲಮನೆ ಇದೆ, ಅಪ್ಪನ ಅಣ್ಣ. ಅವರೂ ದೊಡ್ಡಮ್ಮನೂ ಮಗ ಸೊಸೆಯ ಜೊತೆ ಅಲ್ಲೇ ಇದ್ದಾರೆ. ಕೊಟ್ಟಿಗೆಯ ಹಿಂದೆ ಹಳೇ ತೊಲೆಗಳು ಬಿದ್ದಿರುವುದು ನೆನಪಾಗಿ ಹೊರಟೆ. ತೊಪ್ಪೂರು ಘಾಟಿನಲ್ಲಿ ಒಂದು ಲಾರಿ ಅಡ್ಡ ನಿಂತು ಮುಕ್ಕಾಲು ಗಂಟೆ ಹೋಯಿತು. ಆ ಮುಕ್ಕಾಲು ಗಂಟೆಯಲ್ಲಿ ನಾನು ಬಸ್ಸಿನಿಂದ ನಾಲ್ಕು ಸಲ ಇಳಿದು ಹತ್ತಿದೆ.

ದೊಡ್ಡಪ್ಪ ತೊಲೆಯ ಮೇಲಿನ ದೂಳು ಟವೆಲಿನಿಂದ ಹೊಡೆದರು.

"ಎತ್ಕೊಂಡೋಗು ಪಾಪಾ. ಕಪಿಲೆ ತೊಲೆ ಇದು. ಬಾಗೆಮರ, ಉಳ ಇಡಿಯಲ್ಲ. ಕರೆಂಟ್ ಮೋಟರ್ ಬಂದಾಗ ಬಿಚ್ಚಾಕಿದ್ದು, ಸುಮ್ನೆ ಬಿದ್ದೈತೆ."

ಕಪಿಲೆ ನಾನು ಕಂಡವಳಲ್ಲ, ಕೇಳಿದವಳು. ಬಾವಿಯ ದಡದಿಂದ ಒಂದು ಇಳಿಜಾರು. ಜೋಡಿ ಎತ್ತು ಇಳಿಜಾರಿನಲ್ಲಿ ಕೆಳಗಿಳಿದರೆ ಹಗ್ಗದ ತುದಿಯ ಚರ್ಮದ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತದೆ, ತೊಟ್ಟಿಗೆ ಸುರಿಯುತ್ತದೆ. ಎತ್ತು ಹಿಂದಕ್ಕೆ ಹೆಜ್ಜೆಯಿಟ್ಟು ಮೇಲೆ ಬಂದರೆ ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ದೊಡ್ಡಪ್ಪ ಹುಡುಗರಾಗಿದ್ದಾಗಿನಿಂದ ಮೋಟರ್ ಬರುವವರೆಗೆ ಆ ಎತ್ತು ಹೊಡೆದವರು. ಎಷ್ಟು ಬಾನಿ ಎತ್ತಿತು ಎಂಬ ಲೆಕ್ಕ ತಪ್ಪದಿರಲು ಒಂದೊಂದು ಬಾನಿಗೆ ಒಂದೊಂದು ಸೊಲ್ಲಿನ ಪದ ಇತ್ತಂತೆ.

"ಇನ್ನಾ ಗ್ಯಾಪ್ಕ ಐತಾ ದೊಡ್ಡಪ್ಪ?" ಎಂದು ಕೇಳಿದೆ, ಕೇಳಬೇಕೆಂದು ಕೇಳಿದ್ದಲ್ಲ.

ಅವರು ಅದೇ ತೊಲೆಯ ಮೇಲೆ ಕೂತು ಶುರು ಮಾಡಿಯೇಬಿಟ್ಟರು. ಕರೆಂಟಿನ ಮೂರು ಫೇಸ್ ಹೋದ ಹೊತ್ತು, ಸುತ್ತಲಿನ ಮೋಟರೆಲ್ಲ ನಿಂತು ಊರು ತಣ್ಣಗಿತ್ತು. ಚೀಲದಲ್ಲಿದ್ದ ಪುಟ್ಟ ರೆಕಾರ್ಡರನ್ನು ತೆಗೆದು ಒಂದು ಕಲ್ಲಿನ ಮೇಲಿಟ್ಟೆ. ಒಂದು ಸೊಲ್ಲು ಹಾಡುವರು, ಸುಮ್ಮನಾಗುವರು, ಇನ್ನೊಂದು ಸೊಲ್ಲು ಹಾಡುವರು. ಮೇಲಿನ ಹೊಲದ ರಾಗಿಗೆ ನಲವತ್ತು ಬಾನಿ, ನಲವತ್ತೂ ಹಾಡಿದರು. ನಡುವೆ ಅವರು ಸುಮ್ಮನಾದಾಗಲೆಲ್ಲ ಮರೆತರೇನೋ ಎಂದು ನನಗೆ ಒಳಗೊಳಗೇ ಚಡಪಡಿಕೆ. ಮುಗಿಸಿ ಎದ್ದಾಗ ಅವರ ಮುಖ ಕೆಂಪೇರಿತ್ತು.

"ಬೇಗ ಮಾಡ್ಕೊಡು. ನಿಮ್ಮ ದೊಡ್ಡಮ್ಮ ಕೇಳ್ಬೇಕು," ಎಂದರು. ಅವರು ನನ್ನಿಂದ ಕೇಳಿದ್ದು ಅದೊಂದೇ.

ಬೇಗ ಮಾಡಿಕೊಡಲಿಲ್ಲ. ಮೊದಲು ಗಿಟಾರ್ ಮುಗಿಯಬೇಕು, ಆ ಮರದ್ದೇ ಗಿಟಾರನ್ನು ಆ ಪದದ ಹಿಂದೆ ನುಡಿಸಬೇಕು ಎಂದು ನನಗೊಂದು ಆಸೆ. ಬಾಗೆಮರ ಕೊರೆಯುವಾಗ ಏಳುವ ಪುಡಿಗೆ ಸೀನಿ ಸೀನಿ ಮೂಗು ಹರಿಯಿತು, ಆದರೆ ಗಿಟಾರು ನೆಟ್ಟಗೆ ನಿಂತಿತು. ಆಮೇಲೆ ಮಿಕ್ಸಿಂಗ್. ದೊಡ್ಡಪ್ಪನ ದನಿಯನ್ನು ಮೇಲೆತ್ತಿದೆ, ಇಳಿಸಿದೆ. ಗಿಟಾರನ್ನು ಹನ್ನೊಂದು ಬಗೆಯಲ್ಲಿ ನುಡಿಸಿದೆ. ನನಗೆ ದೊಡ್ಡ ತಲೆನೋವು ಎಂದರೆ ಸೊಲ್ಲು ಸೊಲ್ಲಿನ ನಡುವಿನ ಖಾಲಿ ಜಾಗ. ಯಾರು ಇಷ್ಟು ಹೊತ್ತು ಕಾಯುತ್ತಾರೆ? ಸಾಫ್ಟ್‌ವೇರಿನಲ್ಲಿ ಒಂದು ಸೌಲಭ್ಯ ಇದೆ, ಸದ್ದಿಲ್ಲದ ಕಡೆಯನ್ನೆಲ್ಲ ಅದೇ ಹುಡುಕಿ ಕತ್ತರಿಸುತ್ತದೆ. ಕತ್ತರಿಸಿದೆ. ನಲವತ್ತು ಸೊಲ್ಲು ಒಂದರ ಹಿಂದೆ ಒಂದು ಓಡತೊಡಗಿದವು, ಕೆಳಗೆ ತಾಳ ಹಾಕಿದೆ, ಹಾಡಿಗೆ ಜೀವ ಬಂತು ಅನ್ನಿಸಿತು. ಬೇಡದ ತುಣುಕುಗಳನ್ನು ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಅದು ಕೇಳಿದ್ದಕ್ಕೆಲ್ಲ ನಾನು ಓದದೆಯೇ ಹೂಂ ಅನ್ನುವವಳು. ರೆಕಾರ್ಡರಿನಲ್ಲಿದ್ದ ಮೂಲವನ್ನು ಅಳಿಸಿ ಅದರ ಜಾಗದಲ್ಲಿ ಆಗಲೇ ನನ್ನ ಗಿಟಾರ್ ಪ್ರಯೋಗಗಳು ಕೂತಿದ್ದವು.

ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ನಡುವೆ ದೊಡ್ಡಪ್ಪನಿಗೆ ಎದೆಯಲ್ಲಿ ಕಫ ಕಟ್ಟಿ ಧರ್ಮಪುರಿಯ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬಂದರು. ಆಮೇಲೆ ನಾಲ್ಕು ಮಾತಾಡಿದರೆ ಎರಡು ಸಲ ಕೆಮ್ಮು. ಇನ್ನು ಉಸಿರು ಎಳೆದು ಮಾತಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು, ಹಾಡಂತೂ ದೂರ.

ಹಾಡು ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಸ್ಪೀಕರ್ ಇಟ್ಟು ಹಾಕಿದೆ. ದೊಡ್ಡಪ್ಪ ತಲೆದೂಗಿದರು, "ಸೂಪರಾಗೈತೆ" ಅಂದರು. ದೊಡ್ಡಮ್ಮ ಮಾತ್ರ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಸ್ಪೀಕರನ್ನೇ ನೋಡುತ್ತಿದ್ದರು. ಹಾಡು ಮುಗಿಯಿತು.

"ನೀರೇ ಬೀಳ್ನಿಲ್ವಲ್ಲೇ," ಎಂದರು ದೊಡ್ಡಮ್ಮ.

ನನಗೆ ಅರ್ಥವಾಗಲಿಲ್ಲ.

"ಒಂದ್ ಬಾನಿ ಬಂತು. ಅದು ಸುರಿಯಾಕ್ ಮುಂದೇನೇ ಇನ್ನೊಂದ್ ಬಾನಿ ಬಂತು. ಎತ್ತು ಎಲ್ಲಿ ನಿಂತ್ವು? ನಲ್ವತ್ತು ಬಾನೀನೂ ಬಾವಿಗೇ ವಾಪಸ್ ಓಯ್ತು. ನಾನು ಅತ್ಲಾಗೆ ಮಡೆ ತಾವ ಗುದ್ಲಿ ಇಡ್ಕೊಂಡು ನಿಂತಿರ್ತೀನಿ. ಯಾವ್ ನೀರ್ ತಿರುಗಿಸ್ಲಿ?"

ಆಗ ತಿಳಿಯಿತು. ದೊಡ್ಡಪ್ಪ ಎತ್ತು ಹೊಡೆಯುವಾಗ ದೊಡ್ಡಮ್ಮ ಹೊಲದ ಆ ತುದಿಯಲ್ಲಿ ಕಾಲುವೆ ಪಾತಿಗೆ ತೆರೆಯುವ ಮಡೆಯಲ್ಲಿ ನಿಂತು ಪಾತಿಯಿಂದ ಪಾತಿಗೆ ನೀರು ತಿರುಗಿಸುತ್ತಿದ್ದರು. ಅಲ್ಲಿಗೆ ಬಾವಿ ಕಾಣುವುದಿಲ್ಲ, ಪದ ಮಾತ್ರ ಕೇಳುತ್ತದೆ. ಸೊಲ್ಲು ನಿಂತರೆ ಬಾನಿ ಸುರಿಯುತ್ತಿದೆ ಎಂದು ಲೆಕ್ಕ. ಅವರು ಅಷ್ಟು ವರ್ಷ ಕಿವಿಗೊಟ್ಟು ಕೇಳಿದ್ದು ನಾನು ಕತ್ತರಿಸಿ ಎಸೆದ ಜಾಗವನ್ನು.

"ಓಗ್ಲಿ ಬಿಡು," ದೊಡ್ಡಪ್ಪ ಕೆಮ್ಮಿನ ನಡುವೆ ಹೇಳಿದರು. "ನಾನ್ ಆಡಿದ್ದು ಅಂಗೇ ಐತಲ್ಲ. ಅದನ್ನ ಆಕು."

"ಇಲ್ಲ ದೊಡ್ಡಪ್ಪ. ಅಳಿಸ್ಬುಟ್ಟೆ."

ಯಾರೂ ಬೈಯಲಿಲ್ಲ. ದೊಡ್ಡಮ್ಮ ಮತ್ತೆ ಅವರೆಕಾಯಿಗೆ ಕೈಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ವಾಪಸ್ ಬಸ್ಸಿನಲ್ಲಿ ನನಗೆ ಅಳು ಬಂತು, ನನ್ನ ಮೇಲೆ ಸಿಟ್ಟೂ ಬಂತು. ರೆಕಾರ್ಡ್ ಮಾಡಿದ ವಾರವೇ ಇದ್ದದ್ದನ್ನು ಇದ್ದ ಹಾಗೆ ಕೊಟ್ಟಿದ್ದರೆ ಆ ಮುದುಕಿಯ ಕಿವಿಗೆ ಅವಳ ನೀರು ಬೀಳುತ್ತಿತ್ತು. ನನ್ನ ಕೈ ಸುಮ್ಮನಿರಲಿಲ್ಲ, ಅದಕ್ಕೇ ಹೋಯಿತು.

ಎರಡು ವಾರ ಅಳಿಸಿದ್ದನ್ನು ಹುಡುಕಿದೆ. ರೆಕಾರ್ಡರಿನ ಮೆಮೊರಿ ಕಾರ್ಡನ್ನು ಎರಡು ಅಂಗಡಿಗೆ ಕೊಟ್ಟು ನೋಡಿದೆ. ಏನೂ ಸಿಗಲಿಲ್ಲ. ಕೊನೆಗೆ ಸೊಲ್ಲುಗಳನ್ನು ಬಿಡಿಸಿ, ಪ್ರತಿಯೊಂದರ ಮುಂದೆ ಹತ್ತು ಸೆಕೆಂಡು ಜಾಗ ಬಿಟ್ಟೆ. ಜಾಗ ತಾನೇ ಬೇಕು, ಕೊಟ್ಟರಾಯಿತು ಅಂದುಕೊಂಡೆ. ಮತ್ತೆ ಬಸ್ಸು, ಮತ್ತೆ ತೊಪ್ಪೂರು, ಮತ್ತೆ ಜಗಲಿ.

ನಾಲ್ಕನೆಯ ಸೊಲ್ಲಿಗೇ ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಎಲ್ಲಾ ಬಾನಿಗೂ ಒಂದೇ ಅಳತೆನಾ? ಮೊದ್ಲು ಎತ್ತು ಗೆಲುವಾಗಿರ್ತಾವೆ, ಸೀಕ್ರಂ ಬತ್ತಾವೆ. ಅಪ್ಪರಂ ಸುಸ್ತಾಯ್ತಾವೆ. ಇಪ್ಪತ್ತು ದಾಟುದ್ರೆ ಎಡಗಡೇದು ನಿಂತ್ಕೊಂಡು ಉಚ್ಚೆ ಉಯ್ಯಾದು, ಅದಕ್ಕೂ ಕಾಯ್ಬೇಕು."

"ನಂಗೆಂಗೆ ಗೊತ್ತಾಯ್ತದೆ ದೊಡ್ಡಪ್ಪ? ನೀವು ಮತ್ತೆ ಆಡಾಕಾಗಲ್ಲ," ಎಂದೆ.

ಅವರು ಸ್ಪೀಕರನ್ನು ಪಕ್ಕಕ್ಕೆ ಸರಿಸಿದರು.

"ಆಡಾಕಾಗಲ್ಲ," ಎಂದರು. "ಸುಮ್ನಿರಾಕಾಯ್ತದೆ."

ಮೂರು ಫೇಸ್ ಹೋಗುವುದನ್ನೇ ಕಾದೆವು. ಮೋಟರುಗಳು ಒಂದೊಂದಾಗಿ ನಿಂತ ಮೇಲೆ ಕೊಟ್ಟಿಗೆಯ ಹಿಂದೆ, ತೊಲೆ ಬಿದ್ದಿದ್ದ ಜಾಗದಲ್ಲಿ ಮಂಚ ಹಾಕಿ ಅವರನ್ನು ಕೂರಿಸಿದೆ. ಅವರ ತಲೆಗೊಂದು ಹೆಡ್‌ಫೋನ್, ದೊಡ್ಡಮ್ಮನ ತಲೆಗೊಂದು, ನನಗೊಂದು. ಈ ಸಲ ಸೊಲ್ಲುಗಳ ನಡುವಿನ ಹೊತ್ತನ್ನು ಹಿಡಿಯಲು ರೆಕಾರ್ಡರನ್ನು ಕಲ್ಲಿನ ಮೇಲಿಟ್ಟೆ. ಲ್ಯಾಪ್‌ಟಾಪಿನಿಂದ ಅವರದೇ ದನಿಯ ಒಂದು ಸೊಲ್ಲು ಹಾಕುವೆ. ಅದು ಮುಗಿದ ಕೂಡಲೇ ದೊಡ್ಡಪ್ಪ ಬಲಗೈ ಮೇಲೆತ್ತುವರು. ಬಾನಿ ಸುರಿದು, ಎತ್ತು ಹಿಂದಕ್ಕೆ ಬಂದು ನಿಂತ ಮೇಲೆ ಕೈ ಇಳಿಸುವರು. ಆಗ ನಾನು ಮುಂದಿನ ಸೊಲ್ಲಿನ ಗುಂಡಿ ಒತ್ತಬೇಕು, ಅದಕ್ಕೆ ಮುಂಚೆ ಒತ್ತಬಾರದು. ಗಿಟಾರನ್ನು ತೆಗೆದುಬಿಡುತ್ತೇನೆ ಎಂದೆ. ಬೇಡ, ಸೊಲ್ಲಿನ ಜೊತೆಗಿರಲಿ, ನೀರು ಸುರಿಯುವಾಗ ಅದೂ ಬಾಯಿ ಮುಚ್ಚಿಕೊಂಡಿರಲಿ ಎಂದರು ದೊಡ್ಡಪ್ಪ.

ಮೊದಲ ಹತ್ತು ಬಾನಿ ನನಗೆ ಹಿಂಸೆ. ಐದು ಸಲ ಅವರ ಕೈ ಇಳಿಯುವ ಮೊದಲೇ ಗುಂಡಿ ಒತ್ತಿದೆ, ಐದು ಸಲವೂ ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಬೆನ್ನಿನಲ್ಲಿ ತುರಿಕೆ, ಗಂಟಲಲ್ಲಿ ಕೆರೆತ, ಎದ್ದು ಓಡಬೇಕು ಅನ್ನಿಸುವಷ್ಟು ಸಂಕಟ. ದೊಡ್ಡಪ್ಪನಿಗೆ ಕೆಮ್ಮು ಬಂದರೂ ಟವೆಲು ಕಚ್ಚಿ ತಡೆದುಕೊಂಡಿದ್ದರು. ಅದನ್ನು ನೋಡಿದ ಮೇಲೆ ನಾನು ತಪ್ಪು ಮಾಡಲಿಲ್ಲ. ಇಪ್ಪತ್ತೆರಡಕ್ಕೆ ಅವರ ಕೈ ಬಹಳ ಹೊತ್ತು ಮೇಲೇ ಉಳಿಯಿತು, ಮೀಸೆಯೊಳಗೇ ನಗುತ್ತಿದ್ದರು. ದೊಡ್ಡಮ್ಮನೂ ಕಣ್ಣು ಮುಚ್ಚಿಕೊಂಡೇ ನಕ್ಕರು.

ನಲವತ್ತನೆಯ ಸೊಲ್ಲು ಮುಗಿಯಿತು. ದೊಡ್ಡಪ್ಪ ಕೈ ಎತ್ತಿದರು, ಹೊತ್ತಾದ ಮೇಲೆ ಇಳಿಸಿದರು. ಹೆಡ್‌ಫೋನ್ ತೆಗೆದು ಟವೆಲಿನಿಂದ ಮುಖ ಒರೆಸಿಕೊಂಡರು. ಇನ್ನು ಹಾಕಲು ಸೊಲ್ಲಿಲ್ಲ. ರೆಕಾರ್ಡರ್ ನಿಲ್ಲಿಸಲು ಕೈ ಚಾಚಿದೆ.

ದೊಡ್ಡಮ್ಮ ಕಣ್ಣು ತೆರೆಯದೆ ನನ್ನ ಮಣಿಕಟ್ಟು ಹಿಡಿದರು.

"ಇರು," ಎಂದರು. "ಕೊನೇ ನೀರು ಇನ್ನಾ ನನ್ ತಾವ್ಕೆ ಬಂದಿಲ್ಲ."

ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವರ ಹಿಡಿತ ತಾನಾಗಿ ಸಡಿಲವಾಗುವವರೆಗೆ ಮೂವರೂ ಹಾಗೇ ಕೂತಿದ್ದೆವು.