ಸಲಹೆಗಾರ್ತಿ ಗುನ್ವೋರ್

ಲಕ್ಷಗಟ್ಟಲೆ ಮಾರಾಟವಾದ ಕೊಲೆ ಕಾದಂಬರಿಯೊಂದನ್ನು ಸಿನಿಮಾ ಮಾಡಲು ನಮ್ಮ ಲೂಸೆಶೀಲ್ ಬಂದರಿಗೆ ಚಿತ್ರತಂಡ ಬಂದಾಗ, ಪೊಲೀಸ್ ಕೆಲಸದ ತಪ್ಪು ತಿದ್ದಲು ನೇಮಕವಾದವಳು ನಿವೃತ್ತ ಇನ್ಸ್‌ಪೆಕ್ಟರ್ ಗುನ್ವೋರ್. ತಂಡಕ್ಕೆ ಕಾಫಿ ಕೊಡುತ್ತಿದ್ದ ನಾನು ದಿನವೂ ಅವಳ ದರ್ಬಾರು ನೋಡುತ್ತಿದ್ದೆ. ಪೊಲೀಸ್ ಪಾತ್ರದ ನಾಯಕ ಪಿಸ್ತೂಲು ಹಿಡಿದು ಬಾಗಿಲು ಒದ್ದರೆ, "ಯಾಕಪ್ಪಾ, ಬೆಲ್ ಕೆಟ್ಟಿದೆಯಾ?" ಎನ್ನುವಳು. ಹೆಣದ ಪಕ್ಕ ಅವನು ಸಿಗರೇಟು ಹಚ್ಚಿದರೆ ಬಾಯಿಂದಲೇ ಕಿತ್ತುಕೊಳ್ಳುವಳು. ಸೀಸೆಯ ನಕಲಿ ರಕ್ತ ಕಂಡರೆ, "ಇದು ಲಿಂಗನ್‌ಬೆರಿ ಜಾಮು, ಯಾರಾದ್ರೂ ಬ್ರೆಡ್ ತನ್ನಿ" ಎನ್ನುವಳು. ಅವಳು ಕೈಯೆತ್ತಿದರೆ ಸಾಕು, ನಿರ್ದೇಶಕ ಯೆಸ್ಪರ್ ಹಣೆ ಹಿಡಿದುಕೊಳ್ಳುತ್ತಿದ್ದ. ಮಗಳ ಕೊಲೆಯ ಸುದ್ದಿಯನ್ನು ತಾಯಿಗೆ ತಿಳಿಸುವ ದೃಶ್ಯದಲ್ಲಿ ನಾಯಕ ಹೊಸ್ತಿಲಲ್ಲೇ ನಿಂತು ಮಾತು ಒಪ್ಪಿಸಿದ. ಗುನ್ವೋರ್ ಕೈಯೆತ್ತಿದಳು. "ಬೂಟು ಬಿಚ್ಚಿ ಒಳಗೆ ಹೋಗು." ಯೆಸ್ಪರ್ ರೇಗಿದ: "ಅಮ್ಮಾ ತಾಯಿ, ಅಲ್ಲಿ ಕೊಲೆಗಾರ ಓಡಿಹೋಗ್ತಿದಾನೆ!" ಗುನ್ವೋರ್ ಅಂದಳು: "ಅವನು ನಾಳೆ ಸಿಗ್ತಾನೆ ಬಿಡು. ಇಂಥ ಸುದ್ದೀನ ನಾನು ಹನ್ನೊಂದು ಮನೆಗೆ ಹೇಳಿದೀನಿ. ಮೊದಲನೇ ಮನೇಲಿ ಬೂಟು ಹಾಕ್ಕೊಂಡೇ ಹೇಳಿ, ಎರಡು ನಿಮಿಷಕ್ಕೆ ಹೊರಟುಬಿಟ್ಟೆ. ಆ ತಾಯಿ ಒಬ್ಬಳೇ ಉಳಿದಳು. ಆಮೇಲಿಂದ ಬಿಚ್ಚಿಟ್ಟೇ ಒಳಗೆ ಹೋದೆ, ಬೇಗ ಓಡೋಕೆ ಆಗಬಾರದು ಅಂತ." ಯೆಸ್ಪರ್ ಕೈಸನ್ನೆ ಮಾಡಿದ. ಕ್ಯಾಮೆರಾ ಮತ್ತೆ ಓಡಿತು. ನಾಯಕ ಬಾಗಿಲಲ್ಲಿ ಬಗ್ಗಿ ಬೂಟಿನ ದಾರಕ್ಕೆ ಕೈಹಾಕಿದ. ತಾಯಿಯ ಪಾತ್ರದ ನಟಿ ಅವನ ಕೈಗಳನ್ನೇ ನೋಡುತ್ತಿದ್ದಳು. ಅವನು ಒಂದು ಮಾತೂ ಆಡುವ ಮೊದಲೇ ಅವಳಿಗೆ ಎಲ್ಲ ತಿಳಿದುಹೋಗಿ, ಕುರ್ಚಿ ಹಿಡಿದುಕೊಂಡು ಕುಸಿದಳು.